ಪಾವಗಡದ ಹನ್ನೆರಡು ಎಕರೆ ಮತ್ತು ನಮ್ಮ ಮೇಷ್ಟ್ರು

ನಮ್ಮ ಮೇಷ್ಟ್ರು ಮೊದಲು ವಕೀಲರು. 1989ರಿಂದ ಹದಿನಾರು ವರ್ಷ ಮಧುಗಿರಿ, ತುಮಕೂರು ಕೋರ್ಟುಗಳಲ್ಲಿ ಕೆಲಸ ಮಾಡಿದರು. ಆಮೇಲೆ ಲಾ ಕಾಲೇಜಿಗೆ ಪಾಠ ಮಾಡಲು ಹೋದರು. ಐವತ್ತೈದು ದಾಟಿದ ಮೇಲೆ ಅದನ್ನೂ ಬಿಟ್ಟು, ಕಂದಾಯದ ಕಡೆ ಕಾನೂನು ಸಲಹೆಗಾರರಾಗಿ ಸರ್ಕಾರಿ ಕೆಲಸ ಹಿಡಿದರು. ನಾನು ಅವರ ವಿದ್ಯಾರ್ಥಿ. ಈಗ ಮಧುಗಿರಿಯಲ್ಲಿ ವಕೀಲಿ ಮಾಡುತ್ತೇನೆ. ಅವರ ಇಡೀ ಬದುಕಿನ ಕಥೆ ಬರೆಯುವ ಯೋಚನೆ ನನಗಿಲ್ಲ. ಒಂದೇ ಒಂದು ಪ್ರಕರಣ ಹೇಳುತ್ತೇನೆ. ಅದು ಪಾವಗಡ ತಾಲ್ಲೂಕಿನ ಒಂದು ಮನೆಯದು. ಅದನ್ನು ಅವರು ಮೇಷ್ಟ್ರಾಗಿ ಹಿಡಿದರು, ಒಳಗಿನ ಹಳೇ ವಕೀಲರ ಅಭ್ಯಾಸದಲ್ಲಿ ತೀರ್ಮಾನ ಮಾಡಿದರು, ಸರ್ಕಾರಿ ನೌಕರರಾಗಿ ಅದರ ಫಲ ಕಂಡರು. ಅವರು ಕಾಲೇಜು ಬಿಟ್ಟಿದ್ದಕ್ಕೂ ಇದೇ ಕಾರಣ ಅಂತ ನನಗೆ ಗೊತ್ತು.

ಮನೆಯವರ ಹೆಸರು, ಊರಿನ ಹೆಸರು ಬಿಟ್ಟಿದ್ದೇನೆ. ಅಕ್ಕ ತಂಗಿ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಮೇಷ್ಟ್ರು ಕೂಡ, ನನ್ನ ತಪ್ಪನ್ನು ಬಿಟ್ಟು ಬರೆಯೋದಾದ್ರೆ ಬರೀಲೇಬೇಡ ಅಂದರು.

ಪಾವಗಡ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ತುಮಕೂರಿನಿಂದ ಸುಮಾರು ನೂರು ಕಿಲೋಮೀಟರ್. ಸುತ್ತ ಹೆಚ್ಚುಕಡಿಮೆ ಆಂಧ್ರವೇ. ಶನಿವಾರ ಬಂತೆಂದರೆ ಶನಿಮಹಾತ್ಮನ ಗುಡಿಗೆ ಜನವೋ ಜನ. ಉಳಿದಂತೆ ಮಳೆಯಿಲ್ಲದ ಊರು. ಕಡಲೆಕಾಯಿ ಹಾಕಿದರೆ ಬೀಜದ ದುಡ್ಡು ಬಂದರೆ ಪುಣ್ಯ. ಗಂಡಸರು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಮಳೆ ನಂಬಿದ ಖುಷ್ಕಿ ಜಮೀನಿಗೆ ಬೆಲೆಯೇ ಇರಲಿಲ್ಲ. ಬೆಲೆ ಇಲ್ಲದ ಜಮೀನಿನ ಕಾಗದ ಯಾರು ನೋಡುತ್ತಾರೆ? ತಾತ ಸತ್ತು ಇಪ್ಪತ್ತು ವರ್ಷವಾದರೂ ಪಹಣಿಯಲ್ಲಿ ತಾತನ ಹೆಸರೇ ಇರುತ್ತಿತ್ತು. ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಅದಕ್ಕೆ ಓಡಾಡುವ ಬಸ್ ಚಾರ್ಜು ಕೂಡ ದಂಡ ಅನ್ನಿಸುತ್ತಿತ್ತು.

ಆಮೇಲೆ ಸೋಲಾರ್ ಪಾರ್ಕ್ ಬಂತು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಅನ್ನುವ ಐದು ಊರುಗಳ ಸುತ್ತ ಸುಮಾರು 13,000 ಎಕರೆ. ಪೂರ್ತಿ ಆದಾಗ 2,050 ಮೆಗಾವ್ಯಾಟ್. ಇದರ ವಿಶೇಷ ಏನಂದರೆ ಇಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, ಸ್ವಾಧೀನವೂ ಆಗಲಿಲ್ಲ. ರೈತರ ಹತ್ತಿರ ಗುತ್ತಿಗೆಗೆ ತೆಗೆದುಕೊಂಡರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಜಮೀನು ರೈತನ ಹೆಸರಲ್ಲೇ ಉಳಿಯುತ್ತದೆ, ಬಾಡಿಗೆ ಬರುತ್ತದೆ. ಬರದ ಸೀಮೆಯಲ್ಲಿ ಪ್ರತಿ ವರ್ಷ ಖಾತ್ರಿಯಾಗಿ ಬರುವ ದುಡ್ಡು ಇದು. ಆದರೆ ಬಾಡಿಗೆ ಬರಬೇಕಾದರೆ ಪಹಣಿಯಲ್ಲಿ ಬದುಕಿರುವವರ ಹೆಸರು ಇರಬೇಕು. ಹಾಗಾಗಿ 2015-16ರಲ್ಲಿ ಆ ಕಡೆ ಎಲ್ಲರೂ ಒಟ್ಟಿಗೆ ಪೌತಿ ಖಾತೆಗೆ ಓಡಿದರು.

ನಾನು ಹೇಳುತ್ತಿರುವ ಮನೆಯಲ್ಲಿ 12 ಎಕರೆ ಇತ್ತು. ಅಪ್ಪನಿಗೆ ಅದು 1971ರಲ್ಲಿ ಅಣ್ಣತಮ್ಮಂದಿರ ಪಾರೀಖತ್ತಿನಲ್ಲಿ (ಪಾಲು ಪತ್ರದಲ್ಲಿ) ಬಂದದ್ದು, ಅಂದರೆ ಪಿತ್ರಾರ್ಜಿತ. ಅಮ್ಮ ಮೊದಲೇ ತೀರಿಕೊಂಡಿದ್ದರು. ಅಪ್ಪ 1998ರಲ್ಲಿ ಹೋದರು, ವಿಲ್ ಏನೂ ಇಲ್ಲ. ಮಕ್ಕಳು ನಾಲ್ವರು. ದೊಡ್ಡವಳು ಹೆಣ್ಣು, ಮಧ್ಯದ ಇಬ್ಬರು ಗಂಡು, ಕೊನೆಯವಳು ಹೆಣ್ಣು. ದೊಡ್ಡಕ್ಕನ ಮದುವೆ 1988ರಲ್ಲಿ, ಮಿಡಿಗೇಶಿ ಹತ್ತಿರದ ಒಂದು ಹಳ್ಳಿಗೆ. ಚಿಕ್ಕವಳದು 1996ರಲ್ಲಿ. ಅವಳು ಗಂಡನ ಜೊತೆ ಬೆಂಗಳೂರಿನಲ್ಲಿ, ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಈ ಎರಡು ಮದುವೆಯ ವರ್ಷಗಳನ್ನು ನೆನಪಿಟ್ಟುಕೊಳ್ಳಿ.

2016ರಲ್ಲಿ ಗಂಡುಮಕ್ಕಳಿಬ್ಬರೂ ಪೌತಿ ಖಾತೆಗೆ ಅರ್ಜಿ ಹಾಕಿದರು. ವಂಶವೃಕ್ಷದಲ್ಲಿ ಅಪ್ಪನ ಹೆಸರಿನ ಕೆಳಗೆ ಎರಡೇ ಗೆರೆ. ಅಕ್ಕ ತಂಗಿಯ ಹೆಸರಿಲ್ಲ. ಕೇಳಿದರೆ ಅವರು ಸುಳ್ಳು ಹೇಳಿದೆವು ಅಂತ ಇವತ್ತಿಗೂ ಅಂದುಕೊಂಡಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುವ ಮಾತು ಅವರ ತಲೆಯಲ್ಲಿತ್ತು, ಅಷ್ಟೇ. ಮೂವತ್ತು ದಿನದ ತಕರಾರು ನೋಟಿಸನ್ನು ಊರ ಚಾವಡಿಯಲ್ಲಿ ಅಂಟಿಸಿದ್ದರು. ಮಿಡಿಗೇಶಿಯಲ್ಲೋ ಪೀಣ್ಯದಲ್ಲೋ ಇರುವ ಹೆಣ್ಣುಮಗಳು ಅದನ್ನು ಎಲ್ಲಿಂದ ನೋಡುತ್ತಾಳೆ? ತಕರಾರು ಬರಲಿಲ್ಲ. ಎಂ.ಆರ್., ಅಂದರೆ ಖಾತೆ ಬದಲಾವಣೆಯ ದಾಖಲೆ, ಆಯಿತು, ಖಾತೆ ಜಂಟಿಯಾಗಿ ಇಬ್ಬರ ಹೆಸರಿಗೆ ಬಂತು. ವರ್ಷಕ್ಕೆ 2,52,000 ಬಾಡಿಗೆ ಇಬ್ಬರಿಗೆ ಅರ್ಧರ್ಧ.

2017ರಲ್ಲಿ ನಮ್ಮ ಕಾಲೇಜಿನ ಕಾನೂನು ನೆರವು ಕ್ಲಿನಿಕ್‌ನಿಂದ ಆ ಕಡೆ ಶಿಬಿರ ಮಾಡಿದ್ದೆವು. ನಾನು ಆಗ ಕೊನೆಗೆ ಇನ್ನೆರಡು ವರ್ಷ ಇರುವ ವಿದ್ಯಾರ್ಥಿನಿ. ಶಾಲೆಯ ಕಟ್ಟೆ ಮೇಲೆ ಕೂತು ಅರ್ಜಿ ಬರೆದುಕೊಡುತ್ತಿದ್ದೆ. ದೊಡ್ಡಕ್ಕ ಬಂದರು. ಪಿಂಚಣಿ ವಿಷಯ ಕೇಳಲು ಬಂದವರು, ಹೋಗುವಾಗ ತಿರುಗಿ ನಿಂತು, "ಅಪ್ಪನ ಮಕ್ಳು ಅಂತ ಬರ್ಯೋ ಪಟ್ಟೀಲಿ ನನ್ನ ಹೆಸ್ರು ಬಿಡೋಕೆ ಆಗುತ್ತೇನಮ್ಮ?" ಅಂತ ಕೇಳಿದರು. ತೆಲುಗು ಬೆರೆತ ಕನ್ನಡದಲ್ಲಿ, ತುಂಬ ಮೆಲ್ಲಗೆ. ನಾನು ಅವರನ್ನು ಮೇಷ್ಟ್ರ ಹತ್ತಿರ ಕರೆದುಕೊಂಡು ಹೋದೆ.

ಇಲ್ಲಿ ಮೇಷ್ಟ್ರ ಬಗ್ಗೆ ಎರಡು ಮಾತು. ಅವರ ವಕೀಲಿಕೆಯಲ್ಲಿ ಪಾಲು ವಿಭಾಗದ ದಾವೆಗಳೇ ಜಾಸ್ತಿ. ಒಂದು ಅಸಲು ದಾವೆ, ಪ್ರಾಥಮಿಕ ಡಿಕ್ರಿ, ಅದರ ಮೇಲೆ ಅಪೀಲು, ಆಮೇಲೆ ಅಂತಿಮ ಡಿಕ್ರಿಗೆ ಮತ್ತೊಂದು ಪ್ರಕರಣ, ಕಮಿಷನರು, ಸರ್ವೆ, ಅದರ ಮೇಲೆ ತಕರಾರು. ದಾವೆ ಹಾಕಿದ ಹೆಂಗಸು ಸತ್ತು ಅವಳ ಮಕ್ಕಳು ವಾಯಿದೆಗೆ ಬರುವುದನ್ನು ಅವರು ಎಷ್ಟೋ ಸಲ ನೋಡಿದ್ದರು. ಅದರಿಂದ ಬೇಸತ್ತೇ ಪಾಠದ ಕಡೆ ತಿರುಗಿದ್ದು. ಶುರುವಲ್ಲಿ ಎರಡೂ ಮಾಡುತ್ತಿದ್ದರು. ವಕೀಲರಾಗಿದ್ದುಕೊಂಡೇ ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಮಾಡಬಹುದು ಅಂತ 1979ರ ನಿಯಮ ಇದೆ. 2005ರಲ್ಲಿ ಪೂರ್ಣಾವಧಿ ಕೆಲಸ ಸಿಕ್ಕಾಗ ವಕೀಲಿ ಸನ್ನದು ಅಮಾನತಿನಲ್ಲಿ ಇಟ್ಟು ಬಂದರು. ಆ ಹದಿನಾರು ವರ್ಷದ ಅನುಭವ ಅವರಲ್ಲಿ ಒಂದು ನಂಬಿಕೆ ಬಿತ್ತಿತ್ತು: ಹೆಣ್ಣುಮಕ್ಕಳಿಗೆ ದಾವೆಗಿಂತ ರಾಜಿ ವಾಸಿ, ಸ್ವಲ್ಪ ಕಮ್ಮಿ ಬಂದರೂ ಬೇಗ ಬರಲಿ.

ಕಾಲೇಜಿಗೆ ವಾಪಸ್ ಬಂದ ಮೇಲೆ ಅವರು ಈ ಮನೆಯ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿದರು. ಆ ಪಾಠ ನನಗೆ ಈಗಲೂ ಕಣ್ಣ ಮುಂದಿದೆ.

ಅವರು 1933ರಿಂದ ಶುರು ಮಾಡಿದರು. ಆ ವರ್ಷವೇ ಮೈಸೂರು ಸಂಸ್ಥಾನದಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದಿತ್ತು. ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಅದು ಸ್ವಲ್ಪ ಪಾಲು ಕೊಟ್ಟಿತ್ತು. ತುಮಕೂರು, ಕೋಲಾರ ಎಲ್ಲ ಹಳೇ ಮೈಸೂರೇ ಅಲ್ವಾ, ಹಾಗಾಗಿ ಇದು ನಮ್ಮದೇ ಮಣ್ಣಿನ ಕಾನೂನು ಅಂದರು. ನಂತರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅಪ್ಪನ ಸ್ವಂತ ಪಾಲಿನಲ್ಲಿ ಮಗಳಿಗೂ ಹಕ್ಕು ಬಂತು, ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಪಾಲು ಗಂಡುಮಕ್ಕಳಿಗೇ ಉಳಿಯಿತು. ಕರ್ನಾಟಕ ಅದನ್ನು 1994ರ ಜುಲೈ 30ರಿಂದ ತಿದ್ದಿತು, ಮಗಳಿಗೂ ಹುಟ್ಟಿನಿಂದಲೇ ಪಾಲು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾಗಿದ್ದ ಮಗಳನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂತು. ಮದುವೆ ಆಗಿರಲಿ ಬಿಡಲಿ, ಮಗಳಿಗೂ ಮಗನಷ್ಟೇ ಪಾಲು ಅಂದಿತು. ಆದರೆ 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ, 2005ರಲ್ಲಿ ಅಪ್ಪ ಬದುಕಿದ್ದರೆ ಮಾತ್ರ ಈ ಹಕ್ಕು ಅಂದುಬಿಟ್ಟಿತು. ಅದೂ ನಮ್ಮ ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣ.

ಈಗ ನಮ್ಮ ಮನೆಗೆ ಬನ್ನಿ ಅಂದರು. ಅಪ್ಪ ಸತ್ತಿದ್ದು 1998. ಹಾಗಾದರೆ 2005ರ ಕಾನೂನು ಸಿಗಲ್ಲ. 1994ರ ಕಾನೂನು ಚಿಕ್ಕವಳಿಗೆ ಸಿಗುತ್ತದೆ, ದೊಡ್ಡವಳಿಗೆ ಸಿಗಲ್ಲ. 12 ಎಕರೆ ಅಂದರೆ 480 ಗುಂಟೆ. ಅಪ್ಪ ಸಾಯುವ ಗಳಿಗೆಯಲ್ಲಿ ಪಾಲಾಗಿದೆ ಅಂತ ಲೆಕ್ಕಕ್ಕೆ ಅಂದುಕೊಳ್ಳಿ. ಅಪ್ಪ, ಇಬ್ಬರು ಗಂಡುಮಕ್ಕಳು, ಚಿಕ್ಕ ಮಗಳು, ತಲಾ 120 ಗುಂಟೆ. ಅಪ್ಪನ ಆ 120 ಗುಂಟೆ ನಾಲ್ಕೂ ಮಕ್ಕಳಿಗೆ ಸಮವಾಗಿ, ತಲಾ 30. ಒಟ್ಟು ಗಂಡುಮಕ್ಕಳಿಗೆ 150, 150. ಚಿಕ್ಕವಳಿಗೆ 150. ದೊಡ್ಡವಳಿಗೆ 30. ಮುಕ್ಕಾಲು ಎಕರೆ.

ಕ್ಲಾಸು ಸುಮ್ಮನಾಯಿತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು. ಮದುವೆಯ ಲಗ್ನಪತ್ರಿಕೆಯ ತಾರೀಖು ನೋಡಿ ಒಬ್ಬಳಿಗೆ ಇನ್ನೊಬ್ಬಳ ಐದು ಪಟ್ಟು.

ಮೇಷ್ಟ್ರು ಗಂಡುಮಕ್ಕಳನ್ನು ಮಾತಿಗೆ ಕರೆದರು. ಮೂರು ಸಲ. ಮೊದಲ ಸಲ ಅವರು ಬರಲೇ ಇಲ್ಲ. ಎರಡನೇ ಸಲ ಬಂದು ಜಗಳ ಆಡಿದರು, ಅಕ್ಕನ ಮದುವೆಗೆ ಎತ್ತು ಮಾರಿದ್ದೆವು ಅಂದರು. ಮೂರನೇ ಸಲ ದೊಡ್ಡಣ್ಣ, ಅಕ್ಕನಿಗೆ ಒಂದೇ ಸಲಕ್ಕೆ ಮೂರು ಲಕ್ಷ ಕೊಡ್ತೀವಿ, ಹಕ್ಕು ಬಿಟ್ಟುಕೊಡಲಿ ಅಂದ. ಮೇಷ್ಟ್ರು ಲೆಕ್ಕ ಹಾಕಿದರು. 30 ಗುಂಟೆಗೆ ವರ್ಷದ ಬಾಡಿಗೆ 15,750. ಏರಿಕೆ ಲೆಕ್ಕಕ್ಕೆ ಹಿಡಿಯದಿದ್ದರೆ, ಮೂರು ಲಕ್ಷ ಅಂದರೆ ಹತ್ತೊಂಬತ್ತು ವರ್ಷದ ಬಾಡಿಗೆ ಈಗಲೇ ಕೈಗೆ ಬಂದಂತೆ. ದೊಡ್ಡಕ್ಕನ ಮಗಳು ಆಗ ತುಮಕೂರಿನಲ್ಲಿ ನರ್ಸಿಂಗ್ ಸೇರಿದ್ದಳು, ಫೀಸಿಗೆ ಸಾಲ ಆಗಿತ್ತು. ಜೊತೆಗೆ ತವರಿನ ವಿಷಯ. ದಾವೆ ಹಾಕಿದರೆ ಗೌರಿ ಹಬ್ಬದ ಬಾಗಿನ ನಿಲ್ಲುತ್ತದೆ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ನನ್ನ ಹತ್ತಿರ ಬರುವ ಹತ್ತು ಹೆಂಗಸರಲ್ಲಿ ಏಳೆಂಟು ಜನ ಹಕ್ಕು ಬಿಟ್ಟುಕೊಡುವುದು ಈ ಬಾಗಿನ ತಪ್ಪಬಾರದು ಅಂತಲೇ.

ಚಿಕ್ಕವಳಿಗೂ ಹೇಳಿ ಕಳಿಸಿದೆವು. ಒಂದು ಭಾನುವಾರ ಬಂದಳು. ನಿನಗೆ ಮೂರು ಎಕರೆ ಮೂವತ್ತು ಗುಂಟೆ ಬರುತ್ತೆ ಅಂತ ಮೇಷ್ಟ್ರು ಹೇಳಿದರು. ಅಕ್ಕನಿಗೆಷ್ಟು ಅಂತ ಕೇಳಿದಳು. ಮೂವತ್ತು ಗುಂಟೆ ಅಂದರು. ಅವಳು ಸ್ವಲ್ಪ ಹೊತ್ತು ಅಕ್ಕನ ಮುಖ ನೋಡಿದಳು. "ಇದ್ಯಾವ ಲೆಕ್ಕ ಸಾರ್? ನನ್ನ ಎತ್ಕೊಂಡು ಸಾಕಿದ್ದು ಅಕ್ಕ. ಅವಳಿಗೆ ಮೂವತ್ತು ಗುಂಟೆ ಅಂದ್ರೆ ನಾನು ಯಾವ ಪೇಪರ್‌ಗೂ ಸೈನ್ ಹಾಕಲ್ಲ" ಅಂದಳು. ಸಂಜೆ ಬಸ್ಸಿಗೆ ಹೊರಟೇ ಹೋದಳು.

ದೊಡ್ಡಕ್ಕ ಮಾತ್ರ ಒಪ್ಪಿದರು. 2017ರ ಡಿಸೆಂಬರಿನಲ್ಲಿ ಲೋಕ ಅದಾಲತ್ತಿನಲ್ಲಿ ರಾಜಿ ಆಯಿತು. ಅದಾಲತ್ತಿನ ಐತೀರ್ಪಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲೆ ಅಪೀಲು ಇಲ್ಲ. ಮೂರು ಲಕ್ಷಕ್ಕೆ ಅವರು 12 ಎಕರೆಯಲ್ಲಿ ತಮಗಿದ್ದ ಎಲ್ಲ ಹಕ್ಕು ಬಿಟ್ಟುಕೊಟ್ಟರು. ಅಲ್ಲಿ ಕೂತಿದ್ದವರು ಅವರವರ ಕೆಲಸ ಸರಿಯಾಗಿಯೇ ಮಾಡಿದರು. ಅಕ್ಕನನ್ನು ಎರಡು ಸಲ ಕೇಳಿದರು, ಮನಸ್ಸಿನಿಂದ ಒಪ್ಪಿದ್ದೀರಾ ಅಂತ. ಸಲಹೆ ನಮ್ಮದು. ನಾನೇ ಆ ಒಪ್ಪಂದದ ಕರಡು ಟೈಪ್ ಮಾಡಿದ್ದು. ಕ್ಲಿನಿಕ್‌ನ ಮೊದಲ ಗೆಲುವು ಅಂತ ನಾವೆಲ್ಲ ಸೇರಿ ಕಾಫಿ ಕುಡಿದೆವು.

ಎರಡು ತಿಂಗಳೂ ಆಗಿರಲಿಲ್ಲ. 2018ರ ಫೆಬ್ರವರಿ 1ಕ್ಕೆ ಸುಪ್ರೀಂ ಕೋರ್ಟು ದಾನಮ್ಮ ವಿರುದ್ಧ ಅಮರ್ ಪ್ರಕರಣದ ತೀರ್ಪು ಕೊಟ್ಟಿತು. ಅದೂ ಕರ್ನಾಟಕದ್ದೇ. ಅಪ್ಪ 2001ರಲ್ಲೇ ಸತ್ತಿದ್ದ, ಆದರೂ ಹೆಣ್ಣುಮಕ್ಕಳಿಗೆ ಸಮಪಾಲು. ಫೂಲವತಿ ತೀರ್ಪಿಗೆ ಸರಿಯಾಗಿ ಎದುರು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠದ್ದು. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಅದನ್ನು ಓದುತ್ತಿದ್ದಾಗ ನಾನು ಅಸೈನ್‌ಮೆಂಟ್ ಕೊಡಲು ಹೋಗಿದ್ದೆ. ಓದಿದ ಹಾಳೆಗಳನ್ನು ಮತ್ತೆ ಮೊದಲಿನಿಂದ ಓದಿದರು. ನನ್ನ ಕಡೆ ನೋಡಿ, "ಅವರಿಗೆ ಏನು ಮಾಡಿಬಿಟ್ವಮ್ಮ ನಾವು" ಅಂದರು. ಆ ದಿನ ಮಧ್ಯಾಹ್ನದ ಕ್ಲಾಸು ತೆಗೆದುಕೊಳ್ಳಲಿಲ್ಲ.

ಅವರ ತಪ್ಪು ಯಾವುದು ಅಂತ ನಾನು ತುಂಬ ಸಲ ಯೋಚಿಸಿದ್ದೇನೆ. 2017ರ ಡಿಸೆಂಬರಿನಲ್ಲಿ ಅವರು ಹೇಳಿದ ಕಾನೂನು ಆ ದಿನದ ಮಟ್ಟಿಗೆ ಸರಿ. ಬೇರೆ ಯಾವ ವಕೀಲರಿದ್ದರೂ ಅದನ್ನೇ ಹೇಳುತ್ತಿದ್ದರು. ಆದರೆ ಅವರು ಮೇಷ್ಟ್ರು. 1933ರಿಂದ 2005ರವರೆಗೆ ಈ ಕಾನೂನು ಯಾವ ಕಡೆ ನಡೆದು ಬಂದಿದೆ ಅಂತ ಬೋರ್ಡಿನ ಮೇಲೆ ತಾವೇ ಬರೆದು ತೋರಿಸಿದ್ದರು. ಪ್ರತಿ ಸಲವೂ ಮಗಳ ಪಾಲು ಹೆಚ್ಚುತ್ತಲೇ ಬಂದಿದೆ. ಒಂದು ತೀರ್ಪು ಅದನ್ನು ಹಿಂದಕ್ಕೆ ಎಳೆದಿದ್ದರೆ ಆ ತೀರ್ಪು ಎಷ್ಟು ದಿನ ನಿಲ್ಲುತ್ತೆ ಅಂತ ಅನುಮಾನ ಬರಬೇಕಿತ್ತು. ಬೋರ್ಡಿನ ಮುಂದೆ ಕಂಡದ್ದು ರಾಜಿಯ ಮೇಜಿನ ಮುಂದೆ ಮರೆತುಹೋಯಿತು. ಅಲ್ಲಿ ಹಳೇ ವಕೀಲರು ಎದ್ದು ಕೂತರು, ಕೈಗೆ ಬಂದದ್ದು ತಗೋ ಅಂದರು.

ಇನ್ನೂ ಮುಖ್ಯವಾದ ಮಾತೊಂದಿದೆ. ರಾಜಿಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬಾಡಿಗೆಯ ಬಗ್ಗೆ ಮಾತ್ರ ರಾಜಿ ಮಾಡಬಹುದಿತ್ತು. ವರ್ಷಕ್ಕೆ ಇಷ್ಟು ಅಂತ ಅಕ್ಕನಿಗೆ ಕೊಡಲಿ, ಫೀಸಿಗೆ ಮುಂಗಡ ಕೊಡಲಿ, ಆದರೆ ಜಮೀನಿನಲ್ಲಿ ಅವರ ಪಾಲು ಎಷ್ಟು ಅನ್ನುವುದನ್ನು ಹಾಗೇ ಬಿಡಲಿ. ಗುತ್ತಿಗೆ ಇಪ್ಪತ್ತೈದು ವರ್ಷದ ಮೇಲಿನದು, ಜಮೀನು ಎಲ್ಲಿಗೂ ಹೋಗುತ್ತಿರಲಿಲ್ಲ. ಹಕ್ಕನ್ನು ಮಾರದೆ ಹಣ ಪಡೆಯುವ ದಾರಿ ಇತ್ತು, ಅದು ನಮ್ಮ ಯಾರಿಗೂ ಹೊಳೆಯಲಿಲ್ಲ. ಈಗ ನಾನು ಮಾಡುವ ಪ್ರತಿ ರಾಜಿ ಕರಡಿನಲ್ಲೂ ಈ ಎರಡನ್ನು ಬೇರೆ ಬೇರೆ ಬರೆಯುತ್ತೇನೆ.

2019ರಲ್ಲಿ ಮೇಷ್ಟ್ರು ಕಾಲೇಜು ಬಿಟ್ಟರು. ಕಂದಾಯದ ಕಡೆ ಗುತ್ತಿಗೆ ಆಧಾರದ ಕಾನೂನು ಸಲಹೆಗಾರ ಹುದ್ದೆ. ಸಂಬಳ ಕಮ್ಮಿ. ಮನೆಯಲ್ಲಿ ಬೇಜಾರು ಮಾಡಿಕೊಂಡರು. ನಾನು ಕೇಳಿದ್ದಕ್ಕೆ, ಆ ವಂಶವೃಕ್ಷದಲ್ಲಿ ನಾಲ್ಕು ಗೆರೆ ಇದ್ದಿದ್ದರೆ ಆಯಮ್ಮ ನಮ್ಮ ಹತ್ತಿರ ಬರೋ ಅಗತ್ಯವೇ ಇರಲಿಲ್ಲ, ಆ ಟೇಬಲ್ಲಿನ ಹತ್ತಿರ ಹೋಗಿ ಕೂರಬೇಕು ಅನ್ನಿಸಿದೆ ಅಂದರು.

ಅಲ್ಲಿ ಅವರಿಗೆ ಆದೇಶ ಮಾಡುವ ಅಧಿಕಾರ ಇರಲಿಲ್ಲ. ಕಡತದಲ್ಲಿ ಟಿಪ್ಪಣಿ ಬರೆಯಬಹುದು, ತರಬೇತಿಯಲ್ಲಿ ಮಾತಾಡಬಹುದು, ಅಷ್ಟೇ. ಅದನ್ನೇ ಹಿಡಿದರು. ಹೊಸದಾಗಿ ಬಂದ ಗ್ರಾಮ ಲೆಕ್ಕಿಗರಿಗೆ ಪಾಠ ಮಾಡುವಾಗ ಇದೇ 480 ಗುಂಟೆಯ ಲೆಕ್ಕ ಕೊಡುತ್ತಿದ್ದರು. ಒಬ್ಬ ಹುಡುಗ ಎದ್ದು ನಿಂತು, ಮನೆಯವರೇ ಅಫಿಡವಿಟ್ ಕೊಡ್ತಾರೆ ಸಾರ್, ನಾವು ಹೇಗೆ ಅನುಮಾನ ಪಡೋದು ಅಂತ ಕೇಳಿದನಂತೆ. ಅನುಮಾನ ಪಡಬೇಡ, ಒಂದು ಪ್ರಶ್ನೆ ಕೇಳು ಅಂದರಂತೆ. ಸತ್ತವರಿಗೆ ಹೆಣ್ಣುಮಕ್ಕಳು ಎಷ್ಟು ಜನ, ಯಾವ ಊರಿಗೆ ಕೊಟ್ಟಿದ್ದೀರಿ? ಬಾಯಿಬಿಟ್ಟು ಕೇಳಿದರೆ ಹಳ್ಳಿಯಲ್ಲಿ ಯಾರೂ ಮಗಳಿಲ್ಲ ಅನ್ನುವುದಿಲ್ಲ. ಅಪಶಕುನ ಅದು. ಕಾಗದದಲ್ಲಿ ಬಿಡುತ್ತಾರೆ, ಬಾಯಲ್ಲಿ ಬಿಡುವುದಿಲ್ಲ. ಇದು ನನಗೆ ತುಂಬ ದೊಡ್ಡ ತಿಳಿವಳಿಕೆ ಅನ್ನಿಸಿತು. ಕಾನೂನು ಪುಸ್ತಕದಲ್ಲಿ ಇದು ಸಿಗಲ್ಲ. ನೋಟಿಸನ್ನು ಚಾವಡಿಗೆ ಅಂಟಿಸುವುದರ ಜೊತೆಗೆ ಆ ಹೆಣ್ಣುಮಕ್ಕಳ ಊರಿಗೂ ಕಳಿಸಿ, ಫೋನ್ ನಂಬರ್ ಬರೆದುಕೊಳ್ಳಿ ಅಂತಲೂ ಹೇಳುತ್ತಿದ್ದರು. ಕೆಲವರು ಮಾಡಿದರು, ಕೆಲವರು ಮಾಡಲಿಲ್ಲ.

ಇದಕ್ಕೆ ಬೆಲೆಯೂ ತೆರಬೇಕಾಯಿತು, ಅದನ್ನು ಮುಚ್ಚಿಡಬಾರದು. ಹೀಗೆ ಕೇಳತೊಡಗಿದ ಕಡೆ ಖಾತೆ ನಿಧಾನವಾಯಿತು. ಅಕ್ಕ ತಂಗಿಯರ ಹೆಸರು ಬರುತ್ತೆ ಅಂತ ಗೊತ್ತಾದ ಕೂಡಲೇ ಕೆಲವರು ಅರ್ಜಿಯನ್ನೇ ಹಾಕಲಿಲ್ಲ, ಸತ್ತವರ ಹೆಸರೇ ಇರಲಿ ಅಂತ ಬಿಟ್ಟರು. ಆಗ ಬೆಳೆಸಾಲ ಸಿಗಲ್ಲ, ಪರಿಹಾರ ಬರಲ್ಲ. ಇಡೀ ಮನೆಗೆ ನಷ್ಟ. ಮೇಷ್ಟ್ರಿಗೆ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ. ನನಗೂ ಸಿಕ್ಕಿಲ್ಲ.

2020ರ ಆಗಸ್ಟ್ 11. ಕೊರೋನಾ ಕಾಲ. ವಿನೀತಾ ಶರ್ಮ ವಿರುದ್ಧ ರಾಕೇಶ್ ಶರ್ಮ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ. ಸಾವಿನ ಗಳಿಗೆಯಲ್ಲಿ ಪಾಲಾಯಿತು ಅಂತ ಅಂದುಕೊಳ್ಳುವುದು ಲೆಕ್ಕಕ್ಕೆ ಮಾತ್ರ, ಅದು ನಿಜವಾದ ವಿಭಾಗವಲ್ಲ. ಬಾಯಿಮಾತಿನ ಪಾಲನ್ನು ಸುಮ್ನೆ ಒಪ್ಪುವಂತಿಲ್ಲ. ನಮ್ಮ ಮನೆಗೆ ಇದರ ಅರ್ಥ ತುಂಬ ಸರಳ: 480 ಗುಂಟೆ, ನಾಲ್ಕು ಮಕ್ಕಳು, ತಲಾ 120. ಚಿಕ್ಕವಳಿಗೆ ಹಳೇ ಲೆಕ್ಕಕ್ಕಿಂತ 30 ಗುಂಟೆ ಕಮ್ಮಿ, ದೊಡ್ಡವಳಿಗೆ 90 ಗುಂಟೆ ಜಾಸ್ತಿ. ಮೂರು ಎಕರೆಗೆ ಶುರುವಿನ ದರದಲ್ಲೇ ವರ್ಷಕ್ಕೆ 63,000. ಅಕ್ಕ ತೆಗೆದುಕೊಂಡಿದ್ದ ಮೂರು ಲಕ್ಷ ಐದು ವರ್ಷದ ಬಾಡಿಗೆಯೂ ಅಲ್ಲ.

ಅವತ್ತು ಸಂಜೆಯೇ ಚಿಕ್ಕವಳು ನನಗೆ ಫೋನ್ ಮಾಡಿದಳು. "ಟೀವೀಲಿ ಹೆಣ್ಮಕ್ಳಿಗೆ ಸಮಪಾಲು ಅಂತ ಬರ್ತಿದೆ. ಅಕ್ಕನದು ಸರಿ ಹೋಗುತ್ತಾ?" ಮೊದಲು ಕೇಳಿದ್ದು ಅಕ್ಕನದನ್ನೇ.

ಸರಿ ಹೋಗುವುದು ಕಷ್ಟವಿತ್ತು. ಅದಾಲತ್ತಿನ ಐತೀರ್ಪನ್ನು ಪ್ರಶ್ನಿಸಬೇಕಾದರೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು, ಅದೂ ಮೋಸದಂಥ ಕೆಲವೇ ಕಾರಣಕ್ಕೆ. ಆಮೇಲೆ ಕಾನೂನು ಬದಲಾಯಿತು ಅನ್ನುವುದು ಕಾರಣವಾಗಲ್ಲ. ಇಲ್ಲಿ ಮೋಸ ಆಗಿರಲಿಲ್ಲ. ನಾನು ಆಗಷ್ಟೇ ಒಂದು ವರ್ಷದ ವಕೀಲೆ. ಮೇಷ್ಟ್ರನ್ನು ಕೇಳಿದೆ, ನೀವೇ ಅಣ್ಣತಮ್ಮಂದಿರನ್ನು ಕರೆಸಿ ಮಾತಾಡಿ ಅಂತ. ಅವರು ಒಪ್ಪಲಿಲ್ಲ. ನಾನೀಗ ಕಂದಾಯದ ಕುರ್ಚಿಯಲ್ಲಿ ಕೂತಿದ್ದೇನೆ, ನಾನು ಕರೆದರೆ ಅವರು ಹೆದರಿ ಬರ್ತಾರೆ, ಹೆದರಿಸಿ ಕೊಡಿಸಿದ್ದು ರಾಜಿ ಆಗಲ್ಲ ಅಂದರು. ಆಗ ನನಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷವಾದ ಮೇಲೆ ಅವರು ಮಾಡಿದ್ದೇ ಸರಿ ಅನ್ನಿಸುತ್ತದೆ. ತಾನು ಕಟ್ಟಿದ ಗಂಟನ್ನು ಸರ್ಕಾರದ ಸೀಲು ತೋರಿಸಿ ಬಿಚ್ಚುವುದು ಸುಲಭವಿತ್ತು.

ಆದರೆ ದೊಡ್ಡಕ್ಕನಿಗೆ ತಾವೇ ಹೋಗಿ ಹೇಳಬೇಕು ಅಂತ ಹಟ ಹಿಡಿದರು. ಲಾಕ್‌ಡೌನ್ ಸಡಿಲವಾದ ಮೇಲೆ ಒಂದು ಶನಿವಾರ ಹೋದೆವು. ಅವರ ಸ್ಕೂಟರ್, ಹಿಂದೆ ನಾನು. ಮನೆ ಮುಂದೆ ಹುಣಸೆಹಣ್ಣು ಒಣಗಲು ಹಾಕಿದ್ದರು. ಮೇಷ್ಟ್ರು ಜಗಲಿ ಮೇಲೆ ಕೂತು, ಸುತ್ತಿ ಬಳಸದೆ ಹೇಳಿದರು. ನಾನು ನಿಮಗೆ ಮೂವತ್ತು ಗುಂಟೆ ಅಂದಿದ್ದೆ. ಈಗಿನ ತೀರ್ಪಿನ ಪ್ರಕಾರ ಮೂರು ಎಕರೆ ಆಗ್ತಿತ್ತು. ನನ್ನ ಮಾತು ಕೇಳಿ ಸೈನ್ ಹಾಕಿದ್ರಿ. ಅದು ಈಗ ವಾಪಸ್ ಬರಲ್ಲ. ನನ್ನಿಂದ ತಪ್ಪಾಯ್ತು.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಒಳಗೆ ಹೋಗಿ ಮಜ್ಜಿಗೆ ತಂದರು. "ಫೀಸು ಕಟ್ಟಿದ್ವಲ್ಲ ಮೇಷ್ಟ್ರೇ, ಮಗಳು ಈಗ ಆಸ್ಪತ್ರೇಲಿ ಕೆಲಸ ಮಾಡ್ತಾಳೆ" ಅಂದರು. ಅಷ್ಟಕ್ಕೇ ನಿಲ್ಲಿಸುತ್ತಾರೆ ಅಂದುಕೊಂಡೆ. ಮಜ್ಜಿಗೆ ಲೋಟ ವಾಪಸ್ ತಗೊಳ್ಳುವಾಗ, "ಅವತ್ತು ತಂಗಿ ಬೇಡ ಅಂದ್ಲು. ಯಾಕೆ ಅವಳ ಮಾತು ಕೇಳ್ಲಿಲ್ಲ ನಾವು?" ಅಂತ ಕೇಳಿದರು. ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ.

ಚಿಕ್ಕವಳ ಪರವಾಗಿ 2021ರಲ್ಲಿ ನಾನು ದಾವೆ ಹಾಕಿದೆ. ಅಣ್ಣತಮ್ಮಂದಿರು, 1999ರಲ್ಲೇ ಬಾಯಿಮಾತಿನಲ್ಲಿ ಪಾಲಾಗಿತ್ತು ಅಂತ ಹೇಳಿಕೆ ಕೊಟ್ಟರು. ಅವರ 2016ರ ಪೌತಿ ಖಾತೆಯೇ ಅವರಿಗೆ ಅಡ್ಡ ಬಂತು. 1999ರಲ್ಲಿ ಬೇರೆ ಬೇರೆ ಆಗಿದ್ದರೆ 2016ರಲ್ಲಿ ಜಂಟಿ ಖಾತೆ ಯಾಕೆ ಮಾಡಿಸಿದಿರಿ? ಅವರ ವಕೀಲರಿಗೂ ಗೊತ್ತಾಯಿತು, ಇದು ನಿಲ್ಲಲ್ಲ ಅಂತ. 2022ರಲ್ಲಿ ಕೋರ್ಟಿನಲ್ಲೇ ರಾಜಿ ಡಿಕ್ರಿ ಆಯಿತು. ಚಿಕ್ಕವಳಿಗೆ ಮೂರು ಎಕರೆ, ಅದರ ಬಾಡಿಗೆ.

ರಾಜಿ ಮಾತಾಡುವಾಗ ಅವಳು ಒಂದು ಷರತ್ತು ಹಾಕಿದ್ದಳು. ಖಾತೆಗೆ ಹೊಸ ವಂಶವೃಕ್ಷ ಕೊಡಬೇಕಲ್ಲ, ಅದರಲ್ಲಿ ಅಕ್ಕನ ಹೆಸರು ಇರಬೇಕು, ಪಾಲು ಇರಲಿ ಇಲ್ಲದಿರಲಿ. ದೊಡ್ಡಣ್ಣ ಒಪ್ಪಿದ. ಜೊತೆಗೆ ಯಾರೂ ಕೇಳದೆಯೇ, ಪ್ರತಿ ಗೌರಿ ಹಬ್ಬಕ್ಕೆ ಅಕ್ಕನಿಗೆ ಇಪ್ಪತ್ತು ಸಾವಿರ ಕೊಡ್ತೀನಿ ಅಂದ. ಬರವಣಿಗೆಯಲ್ಲಿ ಹಾಕೋಣವಾ ಅಂದೆ. ಬೇಡ, ಮಾತು ಸಾಕು ಅಂದರು ಅಕ್ಕ. ನಾನು ಒತ್ತಾಯ ಮಾಡಲಿಲ್ಲ.

ಹೊಸ ವಂಶವೃಕ್ಷದಲ್ಲಿ ಅಪ್ಪನ ಕೆಳಗೆ ನಾಲ್ಕು ಗೆರೆ ಇವೆ. ಮೊದಲನೆಯದು ಅಕ್ಕನದು. ಅದರ ಜೆರಾಕ್ಸ್ ಒಂದು ಅಕ್ಕನ ಮನೆಯಲ್ಲಿದೆ, ಒಂದು ಮೇಷ್ಟ್ರ ಹತ್ತಿರ. ಮೇಷ್ಟ್ರ ಗುತ್ತಿಗೆ ನೌಕರಿಯ ಅವಧಿ ಮುಗಿದಿದೆ. ಈಗ ವಾರಕ್ಕೆ ಎರಡು ದಿನ ಕಾಲೇಜಿಗೆ ಬಂದು ಪಾಠ ಮಾಡುತ್ತಾರೆ. ಈ ಪ್ರಕರಣವನ್ನು ಪ್ರತಿ ವರ್ಷ ಹೇಳುತ್ತಾರೆ, 30 ಗುಂಟೆ ಯಾರು ಹೇಳಿದ್ದು ಅನ್ನುವುದನ್ನೂ ಸೇರಿಸಿ.

2022ರಲ್ಲೂ 2023ರಲ್ಲೂ ಇಪ್ಪತ್ತು ಸಾವಿರ ಬಂತು. 2024ರ ಗೌರಿ ಹಬ್ಬಕ್ಕೆ ಬಾಗಿನ ಬಂತು, ಸೀರೆ ಬಂತು, ದುಡ್ಡು ಬರಲಿಲ್ಲ. ಮಗನ ಮನೆ ಕಟ್ಟೋ ಖರ್ಚು ಅಂತೆ. ಕೇಳಬೇಡ ಅನ್ನುತ್ತಾರೆ ಅಕ್ಕ. ಕೇಳಲೇಬೇಕು ಅನ್ನುತ್ತಾಳೆ ತಂಗಿ. ಅಣ್ಣನಿಗೆ ಬರೆದ ಕಾಗದವೊಂದು ನನ್ನ ಟೇಬಲ್ ಡ್ರಾಯರಿನಲ್ಲಿದೆ. ಇನ್ನೂ ಕಳಿಸಿಲ್ಲ.